ಹಾಳೆಯ ಕೊಟ್ಟೆಯಲ್ಲಿ ಬೆಳೆದ ಪಿಕಳಾರ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ದಾಸವಾಳದ ಬೇಲಿಯಲ್ಲಿ ಬೇಸಿಗೆ ಬಂತೆಂದರೆ ಕೆಮ್ಮೀಸೆ ಪಿಕಳಾರಗಳು (ಕೆನ್ನೆ ಕೆಂಪಿರುವ ಬುಲ್‌ಬುಲ್ ಹಕ್ಕಿಗಳು) ಗೂಡು ಕಟ್ಟುತ್ತವೆ. ಕಳೆದ ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಗೂಡು ಹರಿದು ಎರಡು ಮರಿಗಳು ಕೆಳಗೆ ಬಿದ್ದವು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲವೆಂದು ಅಮ್ಮ ತಡೆದರೂ, ಅದು ನಿಜವಲ್ಲವೆಂದು ತಿಳಿದಿದ್ದ ನಾನು ತೂತು ಮಾಡಿದ ತೆಂಗಿನ ಗೆರಟೆಗೆ ಒಣಹುಲ್ಲು ಹಾಸಿ, ಮರಿಗಳನ್ನಿಟ್ಟು, ಅದೇ ಕೊಂಬೆಗೆ ಕಟ್ಟಿದೆ. ಕತ್ತಲಾಗುವ ಮೊದಲೇ ತಾಯಿ ಬಂದು ಕುಳಿತಿತು. ಆದರೆ ಬೆಳಿಗ್ಗೆ ಬೇಲಿಯ ಬುಡದಲ್ಲಿ ಬೆಕ್ಕು ತಿಂದುಳಿಸಿದ ತಾಯಿಯ ಪುಕ್ಕಗಳಿದ್ದವು. ಎರಡು ಗಂಟೆ ಕಾದರೂ ಗಂಡು ಹಕ್ಕಿಯ ಸುಳಿವಿರಲಿಲ್ಲ.

ಕಾಡುಹಕ್ಕಿಯನ್ನು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ, ಹಾರುವಷ್ಟಾದ ಮೇಲೆ ಬಿಟ್ಟುಬಿಡುವುದಾಗಿ ಹೇಳಿ, ಅವರು ಒಪ್ಪಿದ ನಂತರವೇ ಮರಿಗಳನ್ನು ಒಳಗೆ ತಂದೆ.

ಅಡಿಕೆ ಹಾಳೆಯನ್ನು ಬಟ್ಟಲಿನಂತೆ ಮಡಚಿ ಮಾಡಿದ ಕೊಟ್ಟೆಗೆ ಹಳೆಯ ಪಂಚೆಯ ತುಂಡು ಹಾಸಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟೆ. ಮೈ ತಣ್ಣಗಿರುವ ಮರಿಗೆ ತಿಂದದ್ದು ಅರಗುವುದಿಲ್ಲವಾದ್ದರಿಂದ ಮೊದಲು ಕಾವು, ಆಮೇಲೆ ತುತ್ತು. ಇಷ್ಟು ಗೊತ್ತಿದ್ದೂ ನಾನು ದೊಡ್ಡ ತಪ್ಪೊಂದನ್ನು ಮಾಡಿದೆ. ಬಾಯಾರಿರಬಹುದೆಂದು ಫಿಲ್ಲರಿನಲ್ಲಿ ಚಿಕ್ಕ ಮರಿಯ ಬಾಯಿಗೆ ನೀರು ಬಿಟ್ಟೆ. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ನೀರು ಅಲ್ಲಿಗೆ ಇಳಿದು, ಸಂಜೆಯೊಳಗೆ ಆ ಮರಿ ನನ್ನ ಅಂಗೈಯಲ್ಲೇ ಸತ್ತುಹೋಯಿತು. ಮರಿಗೆ ಬೇಕಾದ ನೀರು ಅದರ ಆಹಾರದಲ್ಲಿಯೇ ಇರುತ್ತದೆ, ಬಾಯಿಗೆ ಹನಿಸಲೇಬಾರದು.

ಉಳಿದ ಮರಿಗೆ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ ಅರ್ಧ ಗಂಟೆಗೊಮ್ಮೆ ಉಣಿಸಿದೆ. ಕಾಲು ಕಿತ್ತ ಮಿಡತೆ, ಬೇಯಿಸಿದ ಮೊಟ್ಟೆಯ ಚೂರು, ಸ್ವಲ್ಪ ಪಪ್ಪಾಯಿ; ಹಾಲನ್ನಂತೂ ಮುಟ್ಟಿಸಲಿಲ್ಲ. ತುತ್ತು ನುಂಗಿದ ಮರುಕ್ಷಣ ಮರಿ ಹಿಂದಿರುಗಿ, ಬಾಲವೆತ್ತಿ, ತೆಳುಪೊರೆಯಲ್ಲಿ ಕಟ್ಟಿದ ಬಿಳಿಯ ಹಿಕ್ಕೆಯನ್ನು ಹೊರಹಾಕುತ್ತಿತ್ತು. ತಾಯಿ ಹಕ್ಕಿ ಅದನ್ನು ಕೊಕ್ಕಿನಲ್ಲಿ ಎತ್ತಿ ಬಿಸಾಡುವ ಕೆಲಸವನ್ನು ನನ್ನ ಮಗಳು ಚಿಮಟದಿಂದ ಮಾಡುತ್ತಿದ್ದಳು. ಒಂದು ದಿನ ಪೊರೆ ಕಟ್ಟದೆ ನೀರಾಗಿ ಹೋದಾಗ ಮೊದಲು ಗಮನಿಸಿದವಳೂ ಅವಳೇ; ಪಪ್ಪಾಯಿ ಕಡಿಮೆ ಮಾಡಿ ಮಿಡತೆ ಹೆಚ್ಚಿಸಿದೆವು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದನ್ನು ನಮ್ಮದಾಗಿಸಿಕೊಳ್ಳದಿರುವುದು. ಹೆಸರಿಡಲಿಲ್ಲ, ಭುಜದ ಮೇಲೆ ಕೂರಿಸಿಕೊಳ್ಳಲಿಲ್ಲ, ಉಣಿಸುವಾಗ ಮಾತನಾಡಲಿಲ್ಲ. ವಾರದೊಳಗೆ ಅದು ಕೊಟ್ಟೆಯ ಅಂಚಿಗೆ ಹತ್ತಿದಾಗ ಬಲೆ ಕಟ್ಟಿದ ಜಗಲಿಗೆ ಬಿಟ್ಟು, ಹಣ್ಣಾದ ಬಸಳೆ ಗೊಂಚಲುಗಳನ್ನೂ ಲಂಟಾನದ ಕೊಂಬೆಗಳನ್ನೂ ತೂಗುಹಾಕಿದೆ. ಹಸಿವಿನಿಂದ ಅದು ಕೊಕ್ಕು ತೆರೆದು ನನ್ನನ್ನೇ ನೋಡುತ್ತಿದ್ದಾಗ ದೂರ ನಿಲ್ಲುವುದು ಸುಲಭವಾಗಿರಲಿಲ್ಲ. ಮೂರನೆಯ ದಿನ ತಾನೇ ಬಸಳೆ ಹಣ್ಣು ಕಿತ್ತು, ಕೊಕ್ಕೆಲ್ಲ ನೇರಳೆ ಬಣ್ಣ ಮಾಡಿಕೊಂಡಿತು.

ಜೂನ್ ಎರಡನೆಯ ವಾರ, ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಬಲೆ ಬಿಚ್ಚಿದೆ. ಕೆನ್ನೆಯ ಕೆಂಪು ಇನ್ನೂ ಮೂಡಿರಲಿಲ್ಲ. ಕೆಲವು ದಿನ ಜಗಲಿಯ ತಟ್ಟೆಗೆ ಬಂದು ಹೋಗುತ್ತಿತ್ತು. ಏಳನೆಯ ದಿನ ಮಿಡತೆ ಹಿಡಿದು ನಿಂತರೂ ಅದು ಬೇಲಿಯಿಂದ ಇಳಿಯಲಿಲ್ಲ; ನಾನು ತಟ್ಟೆ ತೊಳೆದು ಒಳಗಿಟ್ಟೆ.