ಎಂಆರ್‌ಐ ಕಾಯಿಲ್‌ನ ರೇಡಿಯೋ ಕ್ಷೇತ್ರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗೆ

3 ಟೆಸ್ಲಾ ಎಂಆರ್‌ಐ ಯಂತ್ರದ ರೇಡಿಯೋ ಆವರ್ತನ ಸುಮಾರು 128 ಮೆಗಾಹರ್ಟ್ಸ್. ಗಾಳಿಯಲ್ಲಿ ಎರಡು ಮೀಟರಿಗೂ ಮೀರಿದ ಇದರ ತರಂಗದೂರ, ನೀರಿನಂಶ ಹೆಚ್ಚಿರುವ ಅಂಗಾಂಶದೊಳಗೆ 30 ಸೆಂಟಿಮೀಟರಿಗಿಂತ ಕಡಿಮೆಯಾಗುವುದರಿಂದ, ಹೊಟ್ಟೆಯಂಥ ಅಗಲವಾದ ಭಾಗದಲ್ಲಿ ಕ್ಷೇತ್ರವು ಒಂದೆಡೆ ಪ್ರಬಲವಾಗಿಯೂ ಇನ್ನೊಂದೆಡೆ ದುರ್ಬಲವಾಗಿಯೂ ಇರುತ್ತದೆ. ಈ ಕ್ಷೇತ್ರವನ್ನು ಉಂಟುಮಾಡುವ ವಾಹಕಗಳ ಚೌಕಟ್ಟೇ ಕಾಯಿಲ್; ಒಳಗೆ ದೇಹವಿಲ್ಲದ ಖಾಲಿ ಕಾಯಿಲ್‌ಗೆಂದು ಬರೆದ ಸೂತ್ರಗಳು ಇಲ್ಲಿ ಸಾಲುವುದಿಲ್ಲ.

ದೇಹದ ಮಾದರಿಗಿಂತ ಮೊದಲು ಕಾಯಿಲ್‌ನ ಮಾದರಿಯನ್ನು ಸರಿಪಡಿಸಿಕೊಳ್ಳಬೇಕು. ಹೆಚ್ಚಿನ ತಪ್ಪುಗಳು ನುಸುಳುವುದು ಇಲ್ಲಿಯೇ. ಬರ್ಡ್‌ಕೇಜ್ (ಹಕ್ಕಿಪಂಜರದ ಆಕಾರದ) ಕಾಯಿಲ್ ಆದರೆ ಅದರ ಕಂಬಿಗಳು, ಎರಡು ತುದಿಯ ಉಂಗುರಗಳು ಮತ್ತು ಹೊರಗಿನ ಶೀಲ್ಡ್ ಎಲ್ಲವನ್ನೂ ಚಿತ್ರಿಸಿ, ಪ್ರತಿ ಕೆಪಾಸಿಟರಿನ ಜಾಗದಲ್ಲಿ ಒಂದೊಂದು ಪೋರ್ಟ್ (ಸರ್ಕ್ಯೂಟನ್ನು ಜೋಡಿಸುವ ಬಿಂದು) ಇಡಿ. ಪ್ರತಿ ಪೋರ್ಟಿಗೂ ಒಮ್ಮೆ ಕ್ಷೇತ್ರವನ್ನು ಲೆಕ್ಕ ಹಾಕಿಟ್ಟುಕೊಂಡರೆ, ಮುಂದೆ ಕೆಪಾಸಿಟರಿನ ಮೌಲ್ಯ ಬದಲಿಸಿದಾಗಲೆಲ್ಲ ಸರ್ಕ್ಯೂಟ್ ಲೆಕ್ಕವನ್ನಷ್ಟೇ ಮತ್ತೆ ಮಾಡಿದರೆ ಸಾಕು. ಟ್ಯೂನಿಂಗ್ ಮಾಡುವಾಗ, ಅಂದರೆ ಕೆಪಾಸಿಟರುಗಳನ್ನು ಹೊಂದಿಸಿ ಕಾಯಿಲನ್ನು ಯಂತ್ರದ ಆವರ್ತನಕ್ಕೆ ತರುವಾಗ, ಅದರೊಳಗೆ ಫ್ಯಾಂಟಮ್ (ದೇಹದ ಬದಲಿಗೆ ಇಡುವ ಪರೀಕ್ಷಾ ವಸ್ತು) ಅಥವಾ ದೇಹ ಇರಲೇಬೇಕು.

ಶುರುವಿಗೆ ಫ್ಯಾಂಟಮ್ ಆಗಿ ಉಪ್ಪುನೀರಿನ ಸಿಲಿಂಡರ್ ಸಾಕು. ಆನಂತರ ವೋಕ್ಸೆಲ್ (ಪುಟ್ಟ ಘನಗಳಿಂದ ಕಟ್ಟಿದ) ದೇಹಮಾದರಿಯನ್ನು ಸೇರಿಸಿ, ಪ್ರತಿ ಅಂಗಾಂಶಕ್ಕೂ ಅದೇ ಆವರ್ತನದ ವಾಹಕತೆ ಮತ್ತು ಪರ್ಮಿಟಿವಿಟಿಯನ್ನು (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಧ್ರುವೀಕರಣಗೊಳ್ಳುವ ಮಟ್ಟ) ಕೊಡಿ. ಜಾಗ ಮತ್ತು ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಕ್ಷೇತ್ರವನ್ನು ಲೆಕ್ಕ ಹಾಕುವ ಎಫ್‌ಡಿಟಿಡಿ ವಿಧಾನದಲ್ಲಿ 2 ಮಿಲಿಮೀಟರ್ ಗ್ರಿಡ್ ಇಟ್ಟರೆ ಕಾಲದ ಹೆಜ್ಜೆ 3.8 ಪಿಕೋಸೆಕೆಂಡಿನ ಆಸುಪಾಸಿನಲ್ಲಿರಬೇಕಾಗುತ್ತದೆ, ಅಂದರೆ ಒಂದು ಆವರ್ತಕ್ಕೆ ಸುಮಾರು 2000 ಹೆಜ್ಜೆ. ಆದ್ದರಿಂದ ತೆಳು ತಾಮ್ರಕ್ಕಾಗಿ ಗ್ರಿಡ್ ಕಿರಿದುಗೊಳಿಸುವ ಬದಲು ಅದನ್ನು ದಪ್ಪವಿಲ್ಲದ ಹಾಳೆಯೆಂದು ಪರಿಗಣಿಸುವುದೇ ಜಾಣತನ.

ಲೆಕ್ಕ ಮುಗಿದ ಮೇಲೆ ಪ್ರೋಟಾನುಗಳ ದಿಕ್ಕಿನಲ್ಲಿಯೇ ತಿರುಗುವ ಘಟಕವಾದ ಬಿ1 ಪ್ಲಸ್ಸನ್ನು ಬೇರ್ಪಡಿಸಿ. ಫ್ಯಾಂಟಮ್‌ನ ನಡುಭಾಗ ಕಪ್ಪಾಗಿ ಅಂಚು ಮಾತ್ರ ಬೆಳಗುತ್ತಿದ್ದರೆ, ಕ್ವಾಡ್ರೇಚರ್‌ನ (90 ಡಿಗ್ರಿ ಫೇಸ್ ಅಂತರದಲ್ಲಿ ಎರಡು ಕಡೆ ಶಕ್ತಿ ಕೊಡುವ ವ್ಯವಸ್ಥೆಯ) ಎರಡು ಪೋರ್ಟುಗಳ 90 ಡಿಗ್ರಿ ಫೇಸ್ ಅದಲುಬದಲಾಗಿದೆಯೇ ಎಂದು ಮೊದಲು ನೋಡಿ.

1 ವ್ಯಾಟ್ ಇನ್‌ಪುಟ್‌ಗೆ ಬಂದ ಅಂಕಿಗಳನ್ನು ಹಾಗೆಯೇ ವರದಿ ಮಾಡಬಾರದು. 1 ಮಿಲಿಸೆಕೆಂಡಿನ ಚೌಕ ಪಲ್ಸ್‌ನಿಂದ ಪ್ರೋಟಾನುಗಳ ಕಾಂತತ್ವವನ್ನು 90 ಡಿಗ್ರಿ ತಿರುಗಿಸಲು ಸುಮಾರು 5.9 ಮೈಕ್ರೋಟೆಸ್ಲಾ ಬಿ1 ಪ್ಲಸ್ ಬೇಕು. ಆಯ್ದ ಸ್ಲೈಸ್‌ನ (ದೇಹದ ತೆಳು ಪದರದ) ಸರಾಸರಿ ಅಷ್ಟಾಗುವಂತೆ ಕ್ಷೇತ್ರಗಳನ್ನು ಹಿಗ್ಗಿಸಿ. ಕ್ಷೇತ್ರ ಎರಡು ಪಟ್ಟಾದರೆ ಎಸ್‌ಎಆರ್ (ಪ್ರತಿ ಕಿಲೋಗ್ರಾಂ ಅಂಗಾಂಶ ರೇಡಿಯೋ ಶಕ್ತಿಯನ್ನು ಹೀರುವ ದರ) ನಾಲ್ಕು ಪಟ್ಟಾಗುತ್ತದೆ. ಎಸ್‌ಎಆರ್ ಸೂತ್ರದಲ್ಲಿ ವಿದ್ಯುತ್ ಕ್ಷೇತ್ರದ ಗರಿಷ್ಠ ಬೆಲೆಯನ್ನು ಬಳಸುತ್ತಿದ್ದರೆ ಎರಡರಿಂದ ಭಾಗಿಸಬೇಕು, ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಬೆಲೆಯಾದರೆ ಭಾಗಿಸಬಾರದು. ಪಲ್ಸ್‌ಗಳ ನಡುವಿನ ಬಿಡುವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೇ ಐಇಸಿ 60601-2-33 ಮಾನದಂಡದ ಸಾಮಾನ್ಯ ಮಿತಿಗಳೊಡನೆ, ಅಂದರೆ ಇಡೀ ದೇಹಕ್ಕೆ ಕಿಲೋಗ್ರಾಮಿಗೆ 2 ವ್ಯಾಟ್ ಮತ್ತು ತಲೆಗೆ 3.2 ವ್ಯಾಟ್‌ಗಳೊಡನೆ, ಹೋಲಿಸಿ.

ಕೊನೆಗೆ ಅದೇ ಫ್ಯಾಂಟಮ್ಮನ್ನು ಯಂತ್ರದಲ್ಲಿಟ್ಟು ಬಿ1 ಪ್ಲಸ್ ನಕ್ಷೆ ತೆಗೆದು ಲೆಕ್ಕದ ನಕ್ಷೆಯೊಡನೆ ತಾಳೆ ನೋಡಿ. ಆಕಾರ ಹೊಂದಿ, ಯಂತ್ರದ ನಕ್ಷೆಯಲ್ಲಿ ಪ್ರಮಾಣ ಮಾತ್ರ ಕಡಿಮೆಯಿದ್ದರೆ ಕೇಬಲ್ ಮತ್ತು ಕೆಪಾಸಿಟರುಗಳ ನಷ್ಟವನ್ನು ಮಾದರಿಗೆ ಸೇರಿಸಿ. ಆಕಾರವೇ ಹೊಂದದಿದ್ದರೆ ಟ್ಯೂನಿಂಗ್‌ನ ಹಂತಕ್ಕೆ ಹಿಂದಿರುಗಿ.