ಅಂಕದ ಕಾಲಂ ಖಾಲಿ ಬಿಟ್ಟ ಬೇಸಿಗೆ

2023ರ ಮೇ ತಿಂಗಳ ಒಂದು ಸೋಮವಾರ, ವಿದ್ಯಾರ್ಥಿಗಳು ಪೇಪರ್ ಸಲ್ಲಿಸುವ ಆನ್‌ಲೈನ್ ತಾಣ ಟರ್ನಿಟಿನ್ ತೆರೆದೆ. 62 ಪೇಪರ್ ಬಂದು ಕೂತಿದ್ದವು. ಒಂದೊಂದು ಪರೀಕ್ಷಾ ಸಂಖ್ಯೆಯ ಎದುರಿಗೂ ಖಾಲಿ ಅಂಕದ ಕಾಲಂ. ಸ್ವಲ್ಪ ಹೊತ್ತು ನೋಡಿ ಲ್ಯಾಪ್‌ಟಾಪ್ ಮುಚ್ಚಿ ಚಹಾಕ್ಕೆ ನೀರಿಟ್ಟೆ. ನಮ್ಮ ಬಹಿಷ್ಕಾರ ಹೊರಗಿನವರ ಕಣ್ಣಿಗೆ ಇಷ್ಟೇ. ಪೆಂಡಾಲಿಲ್ಲ, ಧಿಕ್ಕಾರವಿಲ್ಲ.

ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಭಾಷಾವಿಜ್ಞಾನ ಕಲಿಸುತ್ತೇನೆ. ಇಲ್ಲಿನ ಅಧ್ಯಾಪಕರ ಯೂನಿಯನ್ ಯುಸಿಯು ಆ ವರ್ಷ ಏಪ್ರಿಲ್ 20ರಿಂದ 145 ವಿಶ್ವವಿದ್ಯಾಲಯಗಳಲ್ಲಿ ಮೌಲ್ಯಮಾಪನ ಬಹಿಷ್ಕಾರಕ್ಕೆ ಕರೆ ಕೊಟ್ಟಿತ್ತು. ಬೆಲೆ ಏರಿಕೆ ಶೇ. 10 ದಾಟಿದ್ದಾಗ ಆಡಳಿತದವರು ಕೊಡುತ್ತೇವೆ ಎಂದಿದ್ದು ಶೇ. 5ರಿಂದ 8ರಷ್ಟು ಹೆಚ್ಚಳ. ಆದರೆ ನನ್ನನ್ನು ಎಳೆದದ್ದು ಸಂಬಳಕ್ಕಿಂತ ಹಂಗಾಮಿ ಕೆಲಸದ ವಿಷಯ. ನಾನೇ ನಾಲ್ಕು ವರ್ಷ ಒಂಬತ್ತೊಂಬತ್ತು ತಿಂಗಳ ಗುತ್ತಿಗೆಯಲ್ಲಿ ಕಲಿಸಿದವಳು. ಪ್ರತಿ ಜೂನ್‌ನಲ್ಲೂ ಮನೆ ಖಾಲಿ ಮಾಡಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದೆ.

ಕರೆ ಬಂದ ವಾರ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಪಿಯು ಉಪನ್ಯಾಸಕಿ. 2016ರಲ್ಲಿ ವೇತನ ತಾರತಮ್ಯದ ಕುರಿತ ಕುಮಾರ್ ನಾಯಕ್ ವರದಿ ಜಾರಿ ಮಾಡಿ ಎಂದು ದ್ವಿತೀಯ ಪಿಯುಸಿ ಮೌಲ್ಯಮಾಪನ ಬಿಟ್ಟು ಕೂತವರಲ್ಲಿ ಅವಳೂ ಒಬ್ಬಳು. ನೀತಿಪಾಠ ಹೇಳಲಿಲ್ಲ. “ಮುಟ್ಟೋದಿಲ್ಲ ಅಂದ್ಮೇಲೆ ಒಂದು ಪೇಪರೂ ಮುಟ್ಟಬೇಡ ಕಣೇ. ಪಾಪ ಅಂತ ಹತ್ತು ತಿದ್ದಿಕೊಟ್ರೆ ಉಳಿದ ಐವತ್ತೆರಡು ಜನಕ್ಕೆ ಏನು ಹೇಳ್ತೀಯ? ಎರಡೂ ಕಡೆಯಿಂದ ಬೈಸ್ಕೋತೀಯ,” ಅಂದಳು. ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದೇ.

ಇಲ್ಲಿನ ಕಾನೂನು ಆಗ ಬಿಗಿಯಾಗಿತ್ತು. ಹೋರಾಟಕ್ಕಿಳಿಯಲು ಸದಸ್ಯರ ಒಪ್ಪಿಗೆ ಕೇಳುವ ಮತಪತ್ರ ಅಂಚೆಯಲ್ಲೇ ಹೋಗಬೇಕಿತ್ತು, ಸದಸ್ಯರಲ್ಲಿ ಅರ್ಧದಷ್ಟಾದರೂ ಮತ ಹಾಕಿರಬೇಕಿತ್ತು, ಆಡಳಿತಕ್ಕೆ 14 ದಿನ ಮೊದಲೇ ನೋಟಿಸ್ ಹೋಗಬೇಕಿತ್ತು. ಗೆದ್ದರೂ ಆ ಒಪ್ಪಿಗೆಗೆ ಆರು ತಿಂಗಳಷ್ಟೇ ಆಯಸ್ಸಿತ್ತು. ಯಾರು ಭಾಗವಹಿಸುತ್ತೇವೆಂದು ಮುಂಚಿತವಾಗಿ ಹೇಳಬೇಕಿಲ್ಲ. ಶುರುವಾದ ಮೇಲೆ ಕೇಳಿದರೆ ಮಾತ್ರ ಸುಳ್ಳು ಹೇಳುವಂತಿಲ್ಲ. ನನ್ನ ಮೊದಲ ಪೇಪರುಗಳ ಗಡುವು ಬಂದ ದಿನವೇ ಎಚ್‌ಆರ್‌ನಿಂದ ಫಾರ್ಮ್ ಬಂತು. ಹೌದು ಎಂದು ಒತ್ತಿದೆ. ವೀಸಾ ಮೇಲಿದ್ದ ಇಬ್ಬರು ಸಹೋದ್ಯೋಗಿಗಳು ಹೆದರಿ ನನ್ನ ಕೋಣೆಗೆ ಬಂದಿದ್ದರು. ಕಾನೂನುಬದ್ಧ ಮುಷ್ಕರದ ದಿನಗಳನ್ನು ವೀಸಾದವರ ಗೈರುಹಾಜರಿಗೆ ಸೇರಿಸಬಾರದೆಂದು 2018ರಲ್ಲೇ ನಿಯಮ ತಿದ್ದಿದ್ದಾರೆ ಎಂದು ತೋರಿಸಿದೆ. ಒಬ್ಬರು ಸೇರಿದರು, ಇನ್ನೊಬ್ಬರು ಸೇರಲಿಲ್ಲ. ಸೇರದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾಯಂ ಕೆಲಸವಿದ್ದೂ ಗುಟ್ಟಾಗಿ ತಿದ್ದಿಕೊಟ್ಟ ಪ್ರೊಫೆಸರರ ಮೇಲೆ ಬಂತು, ಇನ್ನೂ ಹೋಗಿಲ್ಲ.

ಜೂನ್ ಸಂಬಳದ ಚೀಟಿಯಲ್ಲಿ ಹೊಸದೊಂದು ಸಾಲು ಇತ್ತು: ಭಾಗಶಃ ಕೆಲಸ, ಶೇ. 50 ಕಡಿತ. ಕೆಲವು ಕಡೆ ಪೂರ್ತಿ ಸಂಬಳವನ್ನೇ ಹಿಡಿದರು, ಆ ಲೆಕ್ಕದಲ್ಲಿ ನಾವು ಪುಣ್ಯವಂತರು. ಆದರೆ ಗಣಿತ ನೋಡಿ. 62 ಪೇಪರಿಗೆ ತಲಾ ಅರ್ಧ ಗಂಟೆ ಎಂದರೆ ನಾಲ್ಕು ದಿನದ ಕೆಲಸ. ಪಾಠ ಮಾಡಿದೆ, ಮೀಟಿಂಗಿಗೆ ಹೋದೆ, ಪಿಎಚ್‌ಡಿ ಹುಡುಗರ ಅಧ್ಯಾಯ ಓದಿದೆ, ಆದರೂ ಬಹಿಷ್ಕಾರ ಇದ್ದಷ್ಟು ದಿನವೂ ದಿನದಿನಕ್ಕೂ ಅರ್ಧ ಸಂಬಳ ಹೋಯಿತು. ಯೂನಿಯನ್ನಿನ ಹೋರಾಟ ನಿಧಿಯಿಂದ ಬಂದದ್ದು ಬಾಡಿಗೆಗೂ ಸಾಲಲಿಲ್ಲ. ಮತ್ತೊಮ್ಮೆ ಇಂಥದ್ದಕ್ಕೆ ಇಳಿಯುವುದಾದರೆ ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡೇ ಇಳಿಯುತ್ತೇನೆ.

ದುಡ್ಡಿಗಿಂತ ಕಷ್ಟ ಕೊಟ್ಟವಳು ದಾವಣಗೆರೆಯ ಒಬ್ಬ ಹುಡುಗಿ. ಕೊನೆಯ ವರ್ಷದ ಬಿಎ, ಅಪ್ಪ ಸಾಲ ಮಾಡಿ ಕಳಿಸಿದ್ದರು. ಕೆಲಸ ಸಿಕ್ಕಿತ್ತು; ಕನಿಷ್ಠ ಟೂ-ಒನ್ ದರ್ಜೆ, ಅಂದರೆ ನೂರಕ್ಕೆ ಅರವತ್ತಾದರೂ, ಬೇಕೆಂಬ ಷರತ್ತಿತ್ತು. ಅದರ ಮೇಲೆ ವೀಸಾ ಚಿಂತೆ. ಪದವಿ ಮುಗಿಯಿತೆಂದು ವಿಶ್ವವಿದ್ಯಾಲಯ ಗೃಹ ಇಲಾಖೆಗೆ ತಿಳಿಸಬೇಕು. ಬಾಗಿಲು ಹಾಕಿ ಕನ್ನಡದಲ್ಲೇ ಕೇಳಿದಳು, “ಮ್ಯಾಮ್, ನಂದೊಂದು ತಿದ್ದಿಬಿಡಕ್ಕೆ ಆಗಲ್ವಾ? ಯಾರಿಗೂ ಹೇಳಲ್ಲ.” ಅವಳ ಹತ್ತು ಸಾವಿರ ಪದದ ಪ್ರಬಂಧ ನನ್ನ ಕಂಪ್ಯೂಟರಿನಲ್ಲೇ ಇತ್ತು. ಆಗಲ್ಲ ಅಂದೆ. ಅವಳು ಅಳಲಿಲ್ಲ, ಮೇಜಿನ ಮೇಲಿದ್ದ ನನ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

ಅಂಕ ಕೊಡುವಂತಿಲ್ಲ, ಆದರೆ ಶಿಫಾರಸು ಪತ್ರ ಬರೆಯಬೇಡಿ ಎಂದು ಯಾರೂ ಹೇಳಿರಲಿಲ್ಲ. ಅವಳ ಕಂಪನಿಗೆ ಒಂದೂವರೆ ಪುಟ ಬರೆದೆ. ಮೂರು ವರ್ಷದಲ್ಲಿ ಏನು ಓದಿದಳು, ಸೆಮಿನಾರಿನಲ್ಲಿ ಯಾವ ಪ್ರಶ್ನೆ ಕೇಳಿದಳು, ಫಲಿತಾಂಶ ಏಕೆ ತಡ, ಅದರಲ್ಲಿ ಅವಳ ತಪ್ಪೇನೂ ಇಲ್ಲ ಎಂದು. ಒಂದೇ ಒಂದು ಅಂಕಿ ಬರೆಯಲಿಲ್ಲ. ಕಂಪನಿ ಅಕ್ಟೋಬರ್‌ವರೆಗೆ ಕಾಯಲು ಒಪ್ಪಿತು. ಆಮೇಲೆ ಕೇಳಿದ ಎಲ್ಲರಿಗೂ ಬರೆದೆ, ಒಟ್ಟು 19 ಪತ್ರ. ಪೇಪರ್ ತಿದ್ದಿದ್ದರೆ ಇದಕ್ಕಿಂತ ಬೇಗ ಮುಗಿಯುತ್ತಿತ್ತು.

ಜುಲೈನಲ್ಲಿ ಘಟಿಕೋತ್ಸವ. ಎಡಿನ್‌ಬರೋ, ಕೇಂಬ್ರಿಜ್‌ನಂಥ ಕಡೆಗಳಲ್ಲೂ ಆ ಬೇಸಿಗೆ ಎಷ್ಟೋ ಮಕ್ಕಳಿಗೆ ಅಂತಿಮ ಫಲಿತಾಂಶ ಸಿಗಲಿಲ್ಲ. ನಮ್ಮಲ್ಲಿ ಗೌನು ಹಾಕಿಕೊಂಡು ವೇದಿಕೆ ಹತ್ತಿದರು, ಕೈಕುಲುಕಿದರು, ದರ್ಜೆ ಇಲ್ಲದ ಒಂದು ಕಾಗದ ಹಿಡಿದು ಇಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಹೋಗಬಾರದಿತ್ತು ಅನ್ನಿಸುತ್ತದೆ ಈಗ.

ಸದಸ್ಯರ ಮತ ಪಡೆದು ಯೂನಿಯನ್ ಸೆಪ್ಟೆಂಬರ್ 6ಕ್ಕೆ ಬಹಿಷ್ಕಾರ ನಿಲ್ಲಿಸಿತು. ಆಡಳಿತದವರು ಮೊದಲೇ ಹೇಳಿದ್ದಕ್ಕಿಂತ ಸಂಬಳ ಒಂದು ಪೈಸೆಯೂ ಹೆಚ್ಚಲಿಲ್ಲ. 62 ಪೇಪರುಗಳಲ್ಲಿ 40 ನನಗಾಗಿ ಕಾದಿದ್ದವು. ಉಳಿದವನ್ನು ನನ್ನ ವಿಷಯ ಓದದ ಯಾರೋ ತಿದ್ದಿ ಮುಗಿಸಿದ್ದರು, ಟಿಪ್ಪಣಿಯ ಜಾಗದಲ್ಲಿ “ಚೆನ್ನಾಗಿದೆ” ಎಂದಷ್ಟೇ ಇತ್ತು. ದಾವಣಗೆರೆಯವಳ ಪ್ರಬಂಧವನ್ನು ಮೊದಲು ತೆಗೆದೆ. 68 ಕೊಟ್ಟೆ, ಎರಡನೇ ಪರೀಕ್ಷಕರೂ ಒಪ್ಪಿದರು. ಹಿಡಿದ ಸಂಬಳ ಮಾತ್ರ ವಾಪಸ್ ಬರಲಿಲ್ಲ.

ಶರತ್ಕಾಲದಲ್ಲಿ ಮತ್ತೊಂದು ಮತಪತ್ರ ಅಂಚೆಯಲ್ಲಿ ಬಂತು. ನಾನು ಹೌದೆಂದು ಹಾಕಿದೆ. ಒಟ್ಟು ಮತದಾನ ಶೇ. 43ರ ಆಸುಪಾಸಿನಲ್ಲೇ ನಿಂತು ಬಿದ್ದುಹೋಯಿತು. ಪಕ್ಕದ ಕೋಣೆಯವರ ಲಕೋಟೆ ಕ್ರಿಸ್ಮಸ್ಸಿನವರೆಗೂ ಅವರ ಮೇಜಿನ ಮೇಲೇ ಇತ್ತು, ಕಾಫಿ ಲೋಟದ ಕೆಳಗೆ.