ಜಾಲಿ ಮುಳ್ಳಿನಲ್ಲಿ ಕೀಚುಗದ ಬುತ್ತಿ ಹುಡುಕೋದು ಹೇಗೆ?

ಗದಗದಿಂದ ಕಪ್ಪತಗುಡ್ಡದ ಕಡೆ ಹೊರಟರೆ ಹೊಲದ ಬದುವಿನ ಜಾಲಿ ಗಿಡಗಳನ್ನು ಸುಮ್ನೆ ದಾಟಿ ಹೋಗಬೇಡಿ. ಬೆಳಿಗ್ಗೆ ಬೇಗ ಹೋಗಿ. ಮೊದಲು ಹಕ್ಕಿಯನ್ನು ಹುಡುಕಿ: ಗಿಡದ ತುದಿಯಲ್ಲೋ ತಂತಿ ಮೇಲೋ ಒಂಟಿಯಾಗಿ ಕೂತಿರುತ್ತದೆ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಹಾಗೆ, ಕೊಕ್ಕಿನ ತುದಿ ಕೊಕ್ಕೆ. ಅದೇ ಕೀಚುಗ.

ದೂರದಲ್ಲೇ ಕೂತು ನೋಡಿ. ನೆಲಕ್ಕೆ ಹಾರಿ ಮಿಡತೆ ಹಿಡಿದು ಯಾವ ಗಿಡಕ್ಕೆ ಮರಳುತ್ತದೋ ಗುರುತಿಟ್ಟುಕೊಳ್ಳಿ. ಹದ್ದಿನಂಥ ಗಟ್ಟಿ ಉಗುರು ಇದಕ್ಕಿಲ್ಲ, ಅದಕ್ಕೇ ಬೇಟೆಯನ್ನು ಮುಳ್ಳಿಗೆ ಚುಚ್ಚಿ ಹರಿದು ತಿನ್ನುತ್ತದೆ, ಜಾಸ್ತಿಯಾದದ್ದನ್ನು ಅಲ್ಲೇ ಬಿಡುತ್ತದೆ. ಅದೇ ಅದರ ಬುತ್ತಿ. ಹಕ್ಕಿ ದೂರ ಹೋದ ಮೇಲೆ ಹತ್ತಿರ ಹೋಗಿ, ಒಳಗಿನ ಮುಳ್ಳುಗಳನ್ನು ಒಂದೊಂದಾಗಿ ನೋಡಿ. ನಾನು ಒಮ್ಮೆ ಕಂಡದ್ದು ಒಂದು ಮಿಡತೆ: ಎದೆಗೆ ಮುಳ್ಳು ನಾಟಿತ್ತು, ರೆಕ್ಕೆ ಒಣಗಿ ಕಾಗದದಂತಾಗಿತ್ತು, ಹಿಂಗಾಲು ಮಾತ್ರ ಹಸಿರಾಗೇ ಇತ್ತು. ಹಲ್ಲಿ, ಸಣ್ಣ ಇಲಿಯೂ ಸಿಗಬಹುದು. ಮುಳ್ಳುತಂತಿ ಬೇಲಿಯನ್ನೂ ಬಿಡಬೇಡಿ.

ಉತ್ತರ ಅಮೆರಿಕದ ಒಂದು ಕೀಚುಗವಂತೂ ವಿಷದ ಮಿಡತೆಯನ್ನು ಚುಚ್ಚಿಟ್ಟು, ವಿಷ ಇಳಿಯಲಿ ಅಂತ ಒಂದೆರಡು ದಿನ ಕಾಯುತ್ತದೆ. ಎಷ್ಟು ಚಂದದ ಲೆಕ್ಕ, ಅಲ್ವಾ?

ಫೋಟೋ ತೆಗೆಯಿರಿ, ಆದರೆ ಬುತ್ತಿ ಮುಟ್ಟಬೇಡಿ. ಗೂಡು ಕಂಡರೆ ತಕ್ಷಣ ಹಿಂದೆ ಸರಿಯಿರಿ.